ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನ ಪಡುವಣ ದಿಕ್ಕಿನಲ್ಲಿದ್ದುಕೊಂಡು ಮೂಡಲಪಾಳ್ಯ ಅನ್ನಿಸಿಕೊಂಡ ಊರು ನಮ್ಮದು. ಹಾಗೆಯೇ, ವಿಜ್ಞಾನದಲ್ಲಿ ಹಿಂದುಳಿದಿದ್ದ ನನ್ನನ್ನು ಇವತ್ತು ವಿಜ್ಞಾನದ ಬಗ್ಗೆ ಮಾತಾಡಿ ಎಂದು ಸಮಿತಿಯವರು ಕರೆದಿದ್ದಾರೆ. ನಾನು ವಿಜ್ಞಾನಿಯಲ್ಲ. ಮದುವೆ, ಗೃಹಪ್ರವೇಶದ ವೀಡಿಯೋಗಳನ್ನು ಎಡಿಟ್ ಮಾಡಿ, ಕಂಪ್ಯೂಟರ್ ರಿಪೇರಿ ಮಾಡಿ ಜೀವನ ಸಾಗಿಸುವವನು. ಆದರೆ ಈ ಶಾಲೆಯಲ್ಲಿ ಕಲಿತ ಒಂದು ಪಾಠ ನನ್ನ ಕೆಲಸವನ್ನು ಉಳಿಸಿತು. ಅದೇ ಪಾಠದಲ್ಲಿ ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದು ಒಂದು ಕುಟುಂಬಕ್ಕೆ ತೀರದ ನಷ್ಟ ಮಾಡಿತು. ಎರಡನ್ನೂ ಹೇಳುತ್ತೇನೆ.

ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಎರಡು ಥರ್ಮಾಮೀಟರ್ ತಂದರು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಹಾಜರಿ ಪುಸ್ತಕ ತೆಗೆದುಕೊಂಡು ಎರಡಕ್ಕೂ ಗಾಳಿ ಬೀಸು ಅಂತ ನನ್ನನ್ನು ನಿಲ್ಲಿಸಿದರು. ಒಣ ಥರ್ಮಾಮೀಟರ್ ಕದಲಲಿಲ್ಲ. ಒದ್ದೆಯದು ಇಳಿಯುತ್ತಾ ಹೋಯಿತು. ಕೈ ನೋಯುವವರೆಗೂ ಬೀಸಿದೆ. ಒಂದು ಕಡೆಗೆ ಬಂದು ಅದೂ ನಿಂತಿತು. "ಇನ್ನೆಷ್ಟು ಬೀಸಿದರೂ ಅಲ್ಲಿಂದ ಕೆಳಗೆ ಇಳಿಯಲ್ಲ ಕಣಯ್ಯ. ಇವತ್ತಿನ ಗಾಳಿ ಕೊಡುವ ತಂಪು ಅಷ್ಟೇ," ಅಂದರು. ಆಮೇಲೆ ವರಾಂಡದಲ್ಲಿದ್ದ ಕುಡಿಯುವ ನೀರಿನ ಮಡಕೆ ತೋರಿಸಿ, ಅದು ಬೆವರುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ ಎಂದು ವಿವರಿಸಿದರು. ಬೋರ್ಡಿನ ಮೇಲೆ 'ಗುಪ್ತೋಷ್ಣ' ಅಂತ ಬರೆದರು. ನಾನು ಅದನ್ನು ಪರೀಕ್ಷೆಗಾಗಿ ಉರು ಹೊಡೆದು ಮರೆತೆ.

ಅದು ಮತ್ತೆ ನೆನಪಾದದ್ದು 2007ರ ಬೇಸಿಗೆಯಲ್ಲಿ. ಮನೆಯ ತಾರಸಿಯ ಮೇಲೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಶೀಟಿನ ಕೋಣೆ ನನ್ನ ಸ್ಟುಡಿಯೋ ಆಗಿತ್ತು. ಆಗ ಮದುವೆಗಳನ್ನು ಪುಟ್ಟ ಮಿನಿ ಡಿವಿ ಕ್ಯಾಸೆಟ್‌ಗಳಲ್ಲಿ ಚಿತ್ರೀಕರಿಸುತ್ತಿದ್ದೆವು. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿದರೆ ಸುಮಾರು 13 ಜಿಬಿ. ಎಡಿಟ್ ಮುಗಿಸಿ ಡಿವಿಡಿಗೆ ಸಿದ್ಧ ಮಾಡಲು ಕಂಪ್ಯೂಟರ್ ಐದಾರು ಗಂಟೆ ಬಿಡುವಿಲ್ಲದೆ ದುಡಿಯಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ನಾನು ಎರಡನೇ ಕೈಯಲ್ಲಿ ಕೊಂಡಿದ್ದು ಪೆಂಟಿಯಂ ಡಿ ಪ್ರೊಸೆಸರಿನ ಯಂತ್ರ. ತಯಾರಕರ ಲೆಕ್ಕದಲ್ಲೇ ಅದು 95 ವ್ಯಾಟ್ ಶಾಖ ಬಿಡುವಂಥದ್ದು. ಅಂಗೈಯಲ್ಲಿ ಅಡಗುವ ಚಿಪ್ಪು, ಹಳೆಯ ನೂರು ವ್ಯಾಟಿನ ಬಲ್ಬಿನಷ್ಟು ಬಿಸಿ.

ಏಪ್ರಿಲ್ ಮಧ್ಯಾಹ್ನ ಶೀಟಿನ ಕೋಣೆಯೊಳಗೆ 38 ಡಿಗ್ರಿ. ಪ್ರೊಸೆಸರ್ ಮೇಲಿನ ಫ್ಯಾನು ಆ ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಹೊಡೆಯುತ್ತಿತ್ತು. ರೆಂಡರ್ ಮುಕ್ಕಾಲು ಪಾಲು ಮುಗಿಯುವ ಹೊತ್ತಿಗೆ ಶಾಖ 74 ಡಿಗ್ರಿ ದಾಟಿ ಯಂತ್ರ ತಾನೇ ಆಫ್ ಆಗುತ್ತಿತ್ತು. ಮತ್ತೆ ಮೊದಲಿಂದ ಶುರು. ಮದುವೆ ಸೀಸನ್ನು, ಗಿರಾಕಿಗಳು ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಎಸಿ ಹಾಕಿಸುವ ತಾಕತ್ತು ನನಗಿರಲಿಲ್ಲ.

ಗಾಳಿಯ ಬದಲು ನೀರಿನಿಂದ ತಂಪು ಮಾಡಿದರೆ ಹೇಗೆ ಎಂದು ಯೋಚಿಸಿದೆ. ಇದು ನನ್ನ ಹೊಸ ಆಲೋಚನೆಯೇನಲ್ಲ. 1960ರ ದಶಕದಲ್ಲೇ ಐಬಿಎಂ ಕಂಪನಿಯ ಕೋಣೆ ತುಂಬುವ ಗಾತ್ರದ ದೊಡ್ಡ ಕಂಪ್ಯೂಟರುಗಳಲ್ಲಿ ಕೊಳವೆಯ ನೀರು ಹರಿಯುತ್ತಿತ್ತು. ನಾನು ಮಾಡಿದ್ದು ಅದರ ಬಡವನ ರೂಪ.

ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿನಲ್ಲಿ 50 ಮಿಲಿಮೀಟರ್ ಚದರದ ತಾಮ್ರದ ತುಂಡಿನಲ್ಲಿ ಗೀರು ಗೀರಾಗಿ ಕಾಲುವೆ ಕೊರೆಸಿದೆ. ಅದರ ಮೇಲೆ ಹಿತ್ತಾಳೆ ಮುಚ್ಚಳ, ನೀರು ಒಳಗೆ ಬರಲು ಒಂದು ನಳಿಕೆ, ಹೊರಗೆ ಹೋಗಲು ಒಂದು ನಳಿಕೆ. ಇದು ಪ್ರೊಸೆಸರ್ ಮೇಲೆ ಬಿಗಿಯಾಗಿ ಕೂರಬೇಕು. ಪೈಪಿಗೆ ಗಾರೆ ಕೆಲಸದವರು ಮಟ್ಟ ನೋಡುವ ಲೆವೆಲ್ ಟ್ಯೂಬ್. ಪಂಪಿಗೆ ರೂಮ್ ಕೂಲರಿನಲ್ಲಿ ಹಾಕುವ 18 ವ್ಯಾಟಿನ ಸಣ್ಣ ಪಂಪು. ಬಕೆಟ್ಟಿನಲ್ಲಿ ನೀರು. ಎಲ್ಲವನ್ನೂ ಡಬ್ಬದ ಹೊರಗೆ ಜೋಡಿಸಿ, ಕೆಳಗೆ ನ್ಯೂಸ್ ಪೇಪರ್ ಹಾಸಿ, ಒಂದು ಹಗಲು ಒಂದು ರಾತ್ರಿ ನೀರು ಓಡಿಸಿ, ಕಾಗದದ ಮೇಲೆ ಒಂದು ಹನಿಯೂ ಬೀಳಲಿಲ್ಲ ಎಂದು ನೋಡಿಕೊಂಡ ಮೇಲೆಯೇ ಯಂತ್ರಕ್ಕೆ ಕೂರಿಸಿದೆ. ಅಷ್ಟರಮಟ್ಟಿಗೆ ಜಾಣನಾಗಿದ್ದೆ.

ಆದರೆ ಬಕೆಟ್ ನೀರು ಎಷ್ಟು ಹೊತ್ತು ತಣ್ಣಗಿದ್ದೀತು? ಎರಡು ಗಂಟೆಯಲ್ಲಿ ಅದೇ ಬಿಸಿಯಾಯಿತು. ಐಸ್ ತಂದು ಹಾಕಿದೆ. ಶಾಖ ಸರ್ರನೆ ಇಳಿಯಿತು. ನನಗೆ ಖುಷಿಯೋ ಖುಷಿ. ಹತ್ತು ನಿಮಿಷ ಬಿಟ್ಟು ನೋಡಿದರೆ ತಣ್ಣನೆ ಜ್ಯೂಸಿನ ಲೋಟದ ಹೊರಮೈ ಬೆವರುವಂತೆ ಪೈಪೆಲ್ಲ ಬೆವರಿ, ತಾಮ್ರದ ತುಂಡಿನಿಂದ ಹನಿ ಇಳಿಯಲು ಸಿದ್ಧವಾಗಿತ್ತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ.

ಆವತ್ತು ಸಂಜೆ ಕೆಳಗಿಳಿದು ಬಂದು ಮಡಕೆಯಿಂದ ನೀರು ಕುಡಿಯುವಾಗ ಮೇಷ್ಟ್ರ ಒದ್ದೆ ಬಟ್ಟೆ ನೆನಪಾಯಿತು. ಐಸ್ ಇಲ್ಲ, ಕರೆಂಟ್ ಇಲ್ಲ, ಆದರೂ ಈ ನೀರು ತಣ್ಣಗಿದೆ. ಎದುರಿಗೆ ನಮ್ಮಪ್ಪ ಕೂತಿದ್ದರು. ಅವರು ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲ್ಪರ್ ಆಗಿದ್ದವರು. ಅಚ್ಚಿನ ಬಿಸಿ ತೆಗೆಯುವ ನೀರು ಮಾಡಿನ ಮೇಲಿನ ಕೂಲಿಂಗ್ ಟವರಿಗೆ ಹೋಗಿ, ತುಂತುರಾಗಿ ಬಿದ್ದು, ತಣ್ಣಗಾಗಿ ವಾಪಸ್ ಬರುತ್ತದೆ. ಆ ಟವರನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ. ಶಾಲೆಯಲ್ಲಿ ತಂದೆಯ ಉದ್ಯೋಗ ಕೇಳಿದಾಗ ನಾನು 'ಫ್ಯಾಕ್ಟರಿ ನೌಕರ' ಎಂದಷ್ಟೇ ಬರೆಯುತ್ತಿದ್ದೆ. ಅವರು ಅಲ್ಲಿ ಏನು ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕೇಳಿದೆ. ಅಪ್ಪ ಬೀದಿ ಲೆಕ್ಕದ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೇಲಿಂದ ನೀರು ಬೀಳಬೇಕು, ಕೆಳಗಿಂದ ಗಾಳಿ ಏರಬೇಕು, ಎರಡೂ ಎದುರುಬದುರಾಗಬೇಕು. ಅಷ್ಟೇ.

ಮಾರನೇ ದಿನ ಆರು ಇಂಚಿನ ಪಿವಿಸಿ ಪೈಪು ಐದು ಅಡಿ ತಂದೆ. ತಲೆಯ ಮೇಲೆ ಸ್ನಾನದ ಮನೆಯ ಶವರ್. ಬುಡದ ಹತ್ತಿರ ಒಂದು ಟೀ ಜಾಯಿಂಟ್, ಅದರ ಪಕ್ಕದ ಬಾಯಿಗೆ ಕಂಪ್ಯೂಟರಿನದೇ ಒಂದು ಫ್ಯಾನು. ಕೆಳಗೆ 15 ಲೀಟರಿನ ಬಕೆಟ್ಟು. ಬಕೆಟ್ಟಿನ ನೀರು ಪಂಪಿನಿಂದ ಪ್ರೊಸೆಸರಿಗೆ ಹೋಗಿ, ಬಿಸಿಯಾಗಿ, ಶವರಿಗೆ ಏರಿ, ಪೈಪಿನೊಳಗೆ ಹನಿಹನಿಯಾಗಿ ಬಿದ್ದು, ಏರುವ ಗಾಳಿಗೆ ಒಡ್ಡಿಕೊಂಡು ಮತ್ತೆ ಬಕೆಟ್ಟಿಗೆ. ಟವರನ್ನು ಕೋಣೆಯೊಳಗೆ ಇಡದೆ ಕಿಟಕಿಯಾಚೆ ನೆರಳಿನಲ್ಲಿ ನಿಲ್ಲಿಸಿದೆ. ಒಳಗಿಟ್ಟರೆ ಕೋಣೆಯ ಗಾಳಿಯೇ ಒದ್ದೆಯಾಗಿ, ನೀರು ಆವಿಯಾಗುವುದೇ ನಿಂತುಹೋಗುತ್ತದೆ.

ಮಕ್ಕಳೇ, ಇದು ಹೇಗೆ ಕೆಲಸ ಮಾಡುತ್ತದೆ ಎಂಬ ಲೆಕ್ಕ ಚಿಕ್ಕದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಸಾಕು. ಅದೇ ಒಂದು ಲೀಟರ್ ನೀರು ಆವಿಯಾಗಿ ಹಾರಿಹೋಗಲು ಬೇಕಾದದ್ದು ಸುಮಾರು 2,430 ಕಿಲೋಜೂಲ್. ಹೆಚ್ಚುಕಡಿಮೆ 580 ಪಟ್ಟು. ಆ ಶಾಖವನ್ನು ಹಾರುವ ನೀರು ಉಳಿದ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಗುಪ್ತೋಷ್ಣ ಇದೇ. ನೂರು ವ್ಯಾಟಿನ ಶಾಖವನ್ನು ಒಂದು ಗಂಟೆ ಸಾಗಹಾಕಲು ಸುಮಾರು 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು ನೀರು ಹಾರಿದರೆ ಸಾಕು.

ಇನ್ನೊಂದು ವಿಷಯ. ನೀರು ಎಷ್ಟು ತಣ್ಣಗಾಗಬಹುದು ಎನ್ನುವುದನ್ನು ಒದ್ದೆ ಬಟ್ಟೆಯ ಥರ್ಮಾಮೀಟರ್ ಹೇಳುತ್ತದೆ. ನಮ್ಮ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲಿದ್ದು, ಗಾಳಿಯ ತೇವ ನೂರಕ್ಕೆ ಮೂವತ್ತರಷ್ಟಿದ್ದರೆ ಒದ್ದೆ ಥರ್ಮಾಮೀಟರ್ ಸುಮಾರು 21 ಡಿಗ್ರಿಗೆ ಇಳಿಯುತ್ತದೆ. ನನ್ನ ಬಕೆಟ್ಟಿನ ನೀರು 24ಕ್ಕೆ ನಿಂತಿತು. ಇಬ್ಬನಿ ಕಟ್ಟುವ ಉಷ್ಣತೆ ಆ 21ಕ್ಕಿಂತಲೂ ಕೆಳಗಿರುವುದರಿಂದ ಐಸ್ ಹಾಕಿದಾಗ ಆದಂತೆ ಪೈಪು ಬೆವರುವ ಭಯವೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. 27 ಡಿಗ್ರಿ, ನೂರಕ್ಕೆ ಎಂಬತ್ತು ತೇವ ಇದ್ದರೆ ಒದ್ದೆ ಥರ್ಮಾಮೀಟರ್ 24ರಲ್ಲೇ ನಿಲ್ಲುತ್ತದೆ. ಒದ್ದೆ ಬಟ್ಟೆ ಒಣಗದ ದಿನ ಕಂಪ್ಯೂಟರಿಗೂ ಹೆಚ್ಚು ತಂಪಿಲ್ಲ.

ಫಲಿತಾಂಶ ನೋಡಿ ನನಗೇ ನಂಬಿಕೆ ಬರಲಿಲ್ಲ. ಮಟಮಟ ಮಧ್ಯಾಹ್ನ, ಕೋಣೆಯಲ್ಲಿ ನಾನು ಬನಿಯನ್ ಹಿಂಡಿಕೊಳ್ಳುತ್ತಾ ಕೂತಿದ್ದರೆ, ಪ್ರೊಸೆಸರ್ ರೆಂಡರ್ ಮಾಡುತ್ತಾ 48 ಡಿಗ್ರಿಯಲ್ಲಿ ಆರಾಮವಾಗಿತ್ತು. ನನಗಿಂತ ಅದಕ್ಕೇ ಸುಖ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಬಾಕಿ ಇದ್ದ ಏಳು ಮದುವೆಗಳನ್ನು ಮೂರು ವಾರದಲ್ಲಿ ಮುಗಿಸಿ ಕೊಟ್ಟೆ. ನೋಡಲು ಜನ ಬರತೊಡಗಿದರು. ತಾರಸಿಯ ಮೇಲೆ ಚರಂಡಿ ಪೈಪು ನಿಲ್ಲಿಸಿಕೊಂಡು ಕಂಪ್ಯೂಟರಿಗೆ ಸ್ನಾನ ಮಾಡಿಸುತ್ತಾನೆ ಎಂದು ಬೀದಿಯಲ್ಲಿ ತಮಾಷೆ ಮಾಡುತ್ತಿದ್ದರು.

ಒಂದು ಭಾನುವಾರ ಅಪ್ಪ ಮೇಲೆ ಬಂದರು. ಸುತ್ತಲೂ ನೋಡಿ, ಶವರಿನ ಕೆಳಗೆ ಕೈ ಒಡ್ಡಿ, ಬಕೆಟ್ಟಿನ ಅಂಚನ್ನು ಉಗುರಿನಿಂದ ಕೆರೆದರು.

"ಚೆನ್ನಾಗಿ ಮಾಡಿದೀಯ ಕಣೋ. ನೀರು ಬಿಡ್ತಾ ಇದೀಯಾ?"

"ಕಮ್ಮಿ ಆದಷ್ಟು ದಿನಾ ಹಾಕ್ತಾ ಇದೀನಲ್ಲಪ್ಪ."

"ಹಾಕೋದಲ್ಲ ಕೇಳಿದ್ದು. ಹಳೇ ನೀರು ಬಿಡೋದು. ಮೇಲಕ್ಕೆ ಹೋಗೋದು ಬರೀ ನೀರು ಕಣೋ. ಉಪ್ಪು ಎಲ್ಲೂ ಹೋಗಲ್ಲ, ಇಲ್ಲೇ ಇರುತ್ತೆ."

"ಆಯ್ತಪ್ಪ, ಸೀಸನ್ ಮುಗೀಲಿ," ಅಂದೆ. ಅವರು ಇನ್ನೊಂದು ಸಲ ಹೇಳುವ ಜಾಯಮಾನದವರಲ್ಲ. ಕೆಳಗಿಳಿದು ಹೋದರು.

ಅವರು ಹೇಳಿದ್ದು ಯಾವ ಅಡುಗೆ ಮನೆಯಲ್ಲೂ ಗೊತ್ತಿರುವ ಸಂಗತಿ. ಸಾರು ಕುದಿದು ಕುದಿದು ಬತ್ತಿದರೆ ಉಪ್ಪಾಗುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ವರ್ಷ ಕಳೆದಂತೆ ಬಿಳಿ ಪೊರೆ ಕಟ್ಟುತ್ತದೆ. ಕುಡಿಯುವ ನೀರಿನಲ್ಲಿ ಕರಗಿರುವ ಲವಣ ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ಬೋರ್‌ವೆಲ್ ನೀರಿನಲ್ಲಿ ಅಷ್ಟೇ ಇತ್ತು ಎಂದು ಇಟ್ಟುಕೊಳ್ಳಿ. ದಿನಕ್ಕೆ ಎರಡು ಲೀಟರ್‌ನಂತೆ ತಿಂಗಳಿಗೆ 60 ಲೀಟರ್ ಹಾರಿದರೆ, ಹಾರದೆ ಉಳಿಯುವ ಲವಣ 30 ಗ್ರಾಂ. 15 ಲೀಟರಿನ ಬಕೆಟ್ಟಿನಲ್ಲಿ ತಿಂಗಳ ಕೊನೆಗೆ ಲವಣ ಐದು ಪಟ್ಟು. ಅಷ್ಟನ್ನು ಕರಗಿಸಿಟ್ಟುಕೊಳ್ಳಲಾರದೆ ನೀರು ಸುಣ್ಣವನ್ನು ಕಲ್ಲಾಗಿ ಬಿಟ್ಟುಬಿಡುತ್ತದೆ. ಅದೂ ಎಲ್ಲಿ? ಎಲ್ಲಕ್ಕಿಂತ ಬಿಸಿಯಾಗಿರುವ ಕಡೆ ಮೊದಲು. ಅಂದರೆ ಪ್ರೊಸೆಸರ್ ಮೇಲಿನ ತಾಮ್ರದ ಸಣ್ಣ ಕಾಲುವೆಗಳಲ್ಲಿ. ಸುಣ್ಣದ ಪೊರೆ ಶಾಖವನ್ನು ದಾಟಿಸುವುದು ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ. ಜೊತೆಗೆ ರಿಂಗ್ ರಸ್ತೆಯ ದೂಳನ್ನೆಲ್ಲ ನನ್ನ ಶವರ್ ತೊಳೆದು ಬಕೆಟ್ಟಿಗೆ ಇಳಿಸುತ್ತಿತ್ತು.

ಮೇ ಕಳೆಯಿತು. 48 ಇದ್ದದ್ದು 53 ಆಯಿತು, 58 ಆಯಿತು. ಬಿಸಿಲು ಜಾಸ್ತಿ ಅಂದುಕೊಂಡೆ. ಜೂನ್ ಮೊದಲ ವಾರದ ಒಂದು ರಾತ್ರಿ ಪಕ್ಕದ ಬೀದಿಯ ಒಂದು ಮದುವೆಯ ಕೆಲಸ ನಡೆದಿತ್ತು. ಎರಡು ಸಲ ಯಂತ್ರ ತಾನೇ ಆಫ್ ಆಯಿತು. ಮೂರನೇ ಸಲ ರೆಂಡರ್ ನೂರಕ್ಕೆ ತೊಂಬತ್ತು ಮುಗಿದಿದೆ, ಶಾಖ 70 ದಾಟಿದೆ. ಪೈಪಿನಲ್ಲಿ ನೀರು ಎಳೆ ಎಳೆಯಾಗಿ ಹರಿಯುತ್ತಿತ್ತು. ಏನೋ ಸಿಕ್ಕಿಕೊಂಡಿದೆ, ಪೈಪನ್ನು ಸ್ವಲ್ಪ ಅಲ್ಲಾಡಿಸಿದರೆ ಬಿಟ್ಟುಕೊಂಡೀತು ಎಂದುಕೊಂಡೆ. ಯಂತ್ರ ಆರಿಸಿದರೆ ಆರು ಗಂಟೆಯ ಕೆಲಸ ಹಾಳು. ಹಾಗಾಗಿ ಓಡುತ್ತಿರುವಾಗಲೇ ಡಬ್ಬ ತೆರೆದು ಪೈಪನ್ನು ಹಿಡಿದು ಅಲ್ಲಾಡಿಸಿದೆ. ಎರಡು ತಿಂಗಳ ಶಾಖಕ್ಕೆ ಲೆವೆಲ್ ಟ್ಯೂಬಿನ ತುದಿ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿತ್ತು. ನಳಿಕೆಯಿಂದ ಕಳಚಿಬಂತು. ಪಂಪು ಓಡುತ್ತಲೇ ಇತ್ತು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಬಕೆಟ್ಟಿನ ನೀರು ಮದರ್‌ಬೋರ್ಡ್ ಮೇಲಿಂದ ಇಳಿದು, ಡಬ್ಬದ ತಳದಲ್ಲಿದ್ದ ಹಾರ್ಡ್ ಡಿಸ್ಕನ್ನು ಸೇರಿತ್ತು. ಅದು ಬರೀ ನೀರಲ್ಲ, ಐದಾರು ಪಟ್ಟು ಉಪ್ಪಿನ ನೀರು. ಕರೆಂಟಿಗೆ ಅದಕ್ಕಿಂತ ಒಳ್ಳೆಯ ದಾರಿ ಬೇಕೆ? ಒಂದು ಸದ್ದು, ಸುಟ್ಟ ವಾಸನೆ, ಕತ್ತಲೆ.

ಯಂತ್ರ ಹೋದದ್ದು ದೊಡ್ಡ ಮಾತಲ್ಲ. ಈಗ ಹೇಳುವುದು ಕಷ್ಟದ ಮಾತು. ಕ್ಯಾಸೆಟ್ಟಿನ ಖರ್ಚು ಉಳಿಸಲು ನಾನು ಒಂದು ಕೆಟ್ಟ ಅಭ್ಯಾಸ ಮಾಡಿಕೊಂಡಿದ್ದೆ. ಕಂಪ್ಯೂಟರಿಗೆ ಇಳಿಸಿದ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಮುಂದಿನ ಮದುವೆ ಚಿತ್ರೀಕರಿಸುತ್ತಿದ್ದೆ. ಆ ಮದುವೆಯ ಆರತಕ್ಷತೆಯ ಕ್ಯಾಸೆಟ್ ಉಳಿದಿತ್ತು. ಮುಹೂರ್ತದ ಕ್ಯಾಸೆಟ್ಟಿನ ಮೇಲೆ ಬೇರೊಬ್ಬರ ಮದುವೆ ತುಂಬಿತ್ತು. ಧಾರೆ, ಮಾಂಗಲ್ಯ, ಸಪ್ತಪದಿ ಎಲ್ಲವೂ ಆ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇತ್ತು. ಎಸ್.ಪಿ. ರೋಡಿನಲ್ಲಿ ಗೊತ್ತಿದ್ದವರಿಗೆಲ್ಲ ತೋರಿಸಿದೆ. ಆಗದು ಎಂದು ವಾಪಸ್ ಕೊಟ್ಟರು.

ಹುಡುಗಿಯ ತಂದೆಗೆ ನಾನೇ ಹೋಗಿ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಧಾರೆ ಎರೆಯೋವಾಗ ನಂಗೆ ಕಣ್ಣು ತುಂಬಿ ಏನೂ ಕಾಣಿಸ್ಲಿಲ್ಲ ಕಣಪ್ಪ. ಹೆಂಗೂ ವೀಡಿಯೋ ಐತಲ್ಲ, ಆಮೇಲೆ ನೋಡ್ಕೊಳ್ಳೋಣ ಅಂದ್ಕೊಂಡಿದ್ದೆ."

ಹಣ ವಾಪಸ್ ಕೊಟ್ಟೆ. ಸಿಕ್ಕ ಫೋಟೋಗಳನ್ನೆಲ್ಲ ಜೋಡಿಸಿ ಒಂದು ಡಿವಿಡಿ ಮಾಡಿಕೊಟ್ಟೆ. ಅದು ಪರಿಹಾರವಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಹಳ ದಿನ ಆ ಬೀದಿಯಲ್ಲಿ ನಡೆಯಲು ನನಗೆ ಕಾಲು ಬರುತ್ತಿರಲಿಲ್ಲ. ಅವರ ಮನೆಯವರು ಇವತ್ತು ಈ ಸಭೆಯಲ್ಲಿ ಇದ್ದರೂ ಇರಬಹುದು. ಎಲ್ಲರ ಎದುರು ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ. ಅವತ್ತಿನಿಂದ ಇವತ್ತಿನವರೆಗೆ ಯಾರ ಚಿತ್ರವೇ ಆಗಲಿ, ಎರಡು ಕಡೆ ಪ್ರತಿ ಇಡದೆ ನಾನು ಕೆಲಸ ಶುರು ಮಾಡಿಲ್ಲ.

ಆ ವಾರ ಅಪ್ಪ ನನಗೆ 'ನಾನು ಹೇಳಿರಲಿಲ್ಲವಾ' ಎನ್ನಲಿಲ್ಲ. ತಾಮ್ರದ ತುಂಡಿನ ಮುಚ್ಚಳ ಬಿಚ್ಚಿಸಿ ನೋಡಿದರೆ ಕಾಲುವೆಗಳೆಲ್ಲ ಗೋಡೆಗೆ ಸುಣ್ಣ ಬಳಿದಂತಿದ್ದವು. ಅಪ್ಪ ಅಡುಗೆಗೆ ಹಾಕುವ ನಿಂಬೆ ಉಪ್ಪನ್ನು ಬಿಸಿ ನೀರಿನಲ್ಲಿ ಕದಡಿ ಅದನ್ನು ಮುಳುಗಿಸಿದರು. ಸಣ್ಣಗೆ ಗುಳ್ಳೆ ಏಳತೊಡಗಿತು. ಹುಳಿಗೆ ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವ ಪಾಠವೂ ಇದೇ ಶಾಲೆಯಲ್ಲಿ ಆಗಿತ್ತು. ಬೆಳಗಿನ ಹೊತ್ತಿಗೆ ತಾಮ್ರ ಮತ್ತೆ ಹೊಳೆಯಿತು. ಆಗ ಅಪ್ಪ ತಮ್ಮ ಕೆಲಸದ ಬಗ್ಗೆ ಹೇಳಿದರು. ದಿನಾ ಟವರಿನ ಬುಡದ ನಲ್ಲಿ ಸ್ವಲ್ಪ ತೆರೆದು ಉಪ್ಪಾದ ನೀರು ಬಿಡುವುದು, ತಿಂಗಳಿಗೊಮ್ಮೆ ಒಳಗಿಳಿದು ಬ್ರಷ್ಷಿನಿಂದ ಉಜ್ಜುವುದು, ಪಾಚಿ ಹಿಡಿಯದಂತೆ ಬ್ಲೀಚಿಂಗ್ ಪುಡಿ ಹಾಕುವುದು. ಇದೊಂದು ತಪ್ಪಿದರೆ ಕೆಳಗಿನ ಲಕ್ಷಾಂತರ ರೂಪಾಯಿಯ ಯಂತ್ರ ನಿಲ್ಲುತ್ತಿತ್ತು. ನಾನು ಶಾಲೆಯ ಅರ್ಜಿಯಲ್ಲಿ ಬರೆಯಲು ನಾಚಿದ್ದ ಕೆಲಸ ಇದು.

ಬೇರೆ ಯಂತ್ರ ಕೊಂಡ ಮೇಲೆ ಟವರನ್ನು ಮತ್ತೆ ಕಟ್ಟಿದೆ. ಈ ಸಲ ಪೈಪಿನ ಪ್ರತಿ ತುದಿಗೂ ಕ್ಲಿಪ್ಪು. ಪಂಪಿಗೂ ಕಂಪ್ಯೂಟರಿಗೂ ಒಂದೇ ಸ್ವಿಚ್ಚು, ಸರಿಯಾದ ಅರ್ಥಿಂಗು. ಹಾರ್ಡ್ ಡಿಸ್ಕ್ ಎಲ್ಲಕ್ಕಿಂತ ಮೇಲೆ. ವಾರಕ್ಕೊಮ್ಮೆ ಬಕೆಟ್ ಖಾಲಿ, ಆ ನೀರು ತಾರಸಿ ತೊಳೆಯಲು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡದಂತೆ ಬಕೆಟ್ಟಿನ ಬಾಯಿಗೆ ಜಾಲರಿ. ಮುಖ್ಯವಾಗಿ, ಬೋರ್‌ವೆಲ್ ನೀರಿನ ಬದಲು ಮಳೆ ನೀರು.

ಮಳೆ ನೀರಿನ ದಾರಿ ನಮಗೆ ಹೊಸದಾಗಿರಲಿಲ್ಲ. ಪಕ್ಕದ ವಿಜಯನಗರದಲ್ಲೇ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1990ರ ದಶಕದಿಂದ 'ಸೌರಭ' ಎಂಬ ತಮ್ಮ ಮನೆಯನ್ನು ಮಳೆ ನೀರಿನ ಮೇಲೆಯೇ ನಡೆಸಿಕೊಂಡು ಬಂದದ್ದು ನಿಮಗೆಲ್ಲ ಗೊತ್ತು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನನ್ನ ಪುಟ್ಟ ಶೀಟಿನ ಮೇಲೆ ಬೀಳುವುದೇ ವರ್ಷಕ್ಕೆ ಸುಮಾರು 10,000 ಲೀಟರ್. ನನ್ನ ಟವರಿಗೆ ಬೇಕಾದದ್ದು 600, 700 ಲೀಟರ್. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬಿಸಿದೆ. ಮಳೆ ನೀರು ಎಂದರೆ ಒಮ್ಮೆ ಆವಿಯಾಗಿ ಉಪ್ಪನ್ನು ಹಿಂದೆ ಬಿಟ್ಟು ಬಂದ ನೀರು. ಪೊರೆ ಕಟ್ಟುವುದು ನಿಂತೇ ಹೋಯಿತು. ಆ ಟವರು ಮತ್ತೆ ಐದು ವರ್ಷ ಕೆಲಸ ಮಾಡಿತು.

ಇದನ್ನು ಇಲ್ಲಿ ಹೇಳಲು ಇನ್ನೊಂದು ಕಾರಣವಿದೆ. ನಾವು ಮೊಬೈಲಿನಲ್ಲಿ ಒತ್ತುವ ಪ್ರತಿಯೊಂದಕ್ಕೂ ಎಲ್ಲೋ ಸಾವಿರಾರು ಕಂಪ್ಯೂಟರುಗಳಿರುವ ಒಂದು ಕಟ್ಟಡ ದುಡಿಯುತ್ತಿರುತ್ತದೆ. ಅಂಥ ಎಷ್ಟೋ ಕಟ್ಟಡಗಳ ಮೇಲೆ ನನ್ನ ಪೈಪಿನದೇ ದೊಡ್ಡಣ್ಣಂದಿರು ನಿಂತಿದ್ದಾರೆ. ದೊಡ್ಡ ಆಸ್ಪತ್ರೆ, ಮಾಲುಗಳ ಮಾಡಿನ ಮೇಲೂ ಇದ್ದಾರೆ. ಅಲ್ಲಿಯೂ ಲೆಕ್ಕ ಅದೇ: ನೂರು ವ್ಯಾಟಿಗೆ ಗಂಟೆಗೊಂದು ಕಾಫಿ ಲೋಟ. ನಮ್ಮ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಬರುತ್ತಾಳೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದನ್ನು ನಾವು ನೋಡಿದ್ದೇವೆ. ತಂಪು ಬಿಟ್ಟಿ ಬರುವುದಿಲ್ಲ. ಎಲ್ಲಿಂದಲೋ ನೀರು ಹೋಗಿರುತ್ತದೆ, ಎಲ್ಲೋ ಉಪ್ಪು ಉಳಿದಿರುತ್ತದೆ, ಯಾರೋ ಒಬ್ಬರು ಇಳಿದು ಉಜ್ಜುತ್ತಿರುತ್ತಾರೆ. ಮಳೆ ನೀರು, ಶುದ್ಧೀಕರಿಸಿದ ಕೊಳಚೆ ನೀರು ಇವನ್ನು ಇಂಥ ಕೆಲಸಕ್ಕೆ ಬಳಸಿ, ಕುಡಿಯುವ ನೀರನ್ನು ಕುಡಿಯಲು ಬಿಡಬೇಕು. ಇದು ತಾರಸಿಯ ಮೇಲೆ ಬಕೆಟ್ಟಿನಲ್ಲಿ ನನಗೆ ತಿಳಿದದ್ದು.

ಕೊನೆಯ ಮಾತು. ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಆ ಟವರನ್ನು ಹೊಸದಾಗಿ ಜೋಡಿಸಿ ನಮ್ಮ ಶಾಲೆಯ ಪ್ರಯೋಗಶಾಲೆಗೆ ಕೊಡುತ್ತಿದ್ದೇನೆ. ಮಕ್ಕಳ ಕೈಗೆ ಅಪಾಯವಾಗದಂತೆ 230 ವೋಲ್ಟಿನ ಪಂಪು ತೆಗೆದು 12 ವೋಲ್ಟಿನದು ಹಾಕಿದ್ದೇನೆ. ಬಕೆಟ್ಟಿಗೆ ಬಿಸಿ ನೀರು ಹಾಕಿ, ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಜೊತೆಗೆ ಎರಡು ಥರ್ಮಾಮೀಟರ್ ಇಟ್ಟಿದ್ದೇನೆ, ಒಂದಕ್ಕೆ ಬಟ್ಟೆ ಸುತ್ತಿದೆ. ಏಪ್ರಿಲ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಓದಿ ಗೋಡೆಯ ಮೇಲೆ ಬರೆಯಿರಿ. ಬಕೆಟ್ಟಿನ ಮೇಲೆ ಬಣ್ಣದಲ್ಲಿ ಒಂದು ಸಾಲು ಬರೆಸಿದ್ದೇನೆ: 'ವಾರಕ್ಕೊಮ್ಮೆ ನೀರು ಬದಲಿಸಿ.' ಅದು ನಮ್ಮಪ್ಪನ ಮಾತು. ಅವರು ಈಗಿಲ್ಲ. ನಾನು ಒಂದು ಸಲ ಕೇಳಿ ಬಿಟ್ಟ ಆ ಮಾತನ್ನು ನೀವು ದಯವಿಟ್ಟು ನಡೆಸಿಕೊಡಿ.

 ನಮ್ಮ ಶಾಲೆ ನೂರು ವರ್ಷ ಬಾಳಲಿ.